ಮರಳುಗಾಡಿಗೆ ಹೋದ ಮಗನಿಗೆ ಬೆವರೇ ಬರುತ್ತಿಲ್ಲವಂತೆ!

ಪ್ರಶ್ನೆ: ನನ್ನ ಮಗನಿಗೆ 20 ವರ್ಷ. ಅಗ್ನಿವೀರನಾಗಿ ಸೇರಿ, ಬೆಂಗಳೂರಿನ ಎಂ.ಇ.ಜಿ. (ಮದ್ರಾಸ್ ಎಂಜಿನಿಯರ್ ಗ್ರೂಪ್) ಸೆಂಟರಿನಲ್ಲಿ ತರಬೇತಿ ಮುಗಿಸಿ, ಏಪ್ರಿಲ್ ಕೊನೆಗೆ ಜೈಸಲ್ಮೇರ್ ಕಡೆಗೆ ಹೋಗಿದ್ದಾನೆ. ಹುಟ್ಟಿದಾಗಿನಿಂದ ತೋಟ, ಗದ್ದೆ, ಮಳೆ ಬಿಟ್ಟರೆ ಬೇರೆ ಸೀಮೆ ಕಂಡವನಲ್ಲ. ಫೋನ್ ಮಾಡಿದಾಗ "ಬಿಸಿಲು ಅಂದ್ರೆ ಬಿಸಿಲು ಕಣಮ್ಮ, ಆದ್ರೆ ಬೆವರೇ ಬರಲ್ಲ" ಅಂತಾನೆ. ಎರಡು ಸಲ ಮೂಗಿನಲ್ಲಿ ರಕ್ತ ಬಂತಂತೆ. ರಾತ್ರಿ ನಿದ್ದೆ ಸರಿಯಿಲ್ಲವಂತೆ. ಬೆಂಗಳೂರಿನಲ್ಲಿದ್ದಾಗ ಸಿಕ್ಕಿದ್ದೆಲ್ಲ ಹೇಳುತ್ತಿದ್ದವನು ಈಗ "ಹೂಂ, ಸರಿ" ಅಂದು ಫೋನ್ ಇಡುತ್ತಾನೆ. ಅಲ್ಲಿನ ಜೀವನ ಹೇಗಿರುತ್ತದೆ? ಅವನ ಮೈ ಅದಕ್ಕೆ ಒಗ್ಗುತ್ತದಾ? ಇಲ್ಲಿಂದ ಏನು ಕಳಿಸಬಹುದು? ಮಳೆಗಾಲದಲ್ಲಿ ರಜೆ ಸಿಗಬಹುದು ಅಂದಿದ್ದಾನೆ.
ಒಬ್ಬ ತಾಯಿ, ಹೊಸನಗರ ತಾಲ್ಲೂಕು

ಉತ್ತರಿಸಿದವರು: ಸೇನಾ ವೈದ್ಯಕೀಯ ದಳದ ನಿವೃತ್ತ ಸುಬೇದಾರ್, ಶಿವಮೊಗ್ಗ

ಅಕ್ಕ, ನೀವು ಹೆಚ್ಚು ಹೆದರಿರುವುದು ಮೂಗಿನ ರಕ್ತಕ್ಕೆ. ನಾನು ಓದುವಾಗ ನಿಂತದ್ದು ಮಾತ್ರ "ಬೆವರೇ ಬರಲ್ಲ" ಅನ್ನುವ ಕಡೆ. ಮಲೆನಾಡು, ಕರಾವಳಿ, ಕೇರಳದಿಂದ ಮರಳುಗಾಡಿಗೆ ಬಂದಿಳಿದ ಹುಡುಗರು ಮೊದಲ ವಾರ ಎಂ.ಐ. ರೂಮಿಗೆ ಬಂದು ಹೇಳುವುದು ಇದನ್ನೇ. ಎಂ.ಐ. ರೂಮ್ ಅಂದರೆ ಯೂನಿಟ್ಟಿನ ಸಣ್ಣ ಆಸ್ಪತ್ರೆ. ನನ್ನ ಸರ್ವೀಸಿನ ಬಹುಪಾಲು ಅಂಥ ಕೋಣೆಗಳಲ್ಲೇ ಕಳೆದಿದೆ.

ನಿಮ್ಮ ಮಗನಿಗೆ ಬೆವರು ಬರುತ್ತಿದೆ. ಊರಿನಲ್ಲಿ ಬರುತ್ತಿದ್ದುದಕ್ಕಿಂತ ಜಾಸ್ತಿಯೇ ಬರುತ್ತಿದೆ. ಕಾಣಿಸುತ್ತಿಲ್ಲ, ಅಷ್ಟೆ. ನಮ್ಮಲ್ಲಿ ಜುಲೈನಲ್ಲಿ ಒಗೆದು ಹಾಕಿದ ಪಂಚೆ ಒಲೆ ಪಕ್ಕ ನಾಲ್ಕು ದಿನ ನೇತಾಡಿದರೂ ಹಸಿ ವಾಸನೆ ಹೊಡೆಯುತ್ತದೆ. ಅಲ್ಲಿ ಹಿಂಡಿ ಹರವಿದ ಅಂಗಿ ಒಂದು ಚಹಾ ಕುಡಿದು ಬರುವಷ್ಟರಲ್ಲಿ ಗರಿಗರಿಯಾಗಿರುತ್ತದೆ. ಮೈ ಮೇಲಿನ ಬೆವರಿಗೂ ಅದೇ ಗತಿ. ಚರ್ಮದಿಂದ ಹೊರಗೆ ಬಂದದ್ದೇ ಗಾಳಿ ಹೀರಿಕೊಂಡುಬಿಡುತ್ತದೆ. ಒಳ್ಳೆಯದೇ, ಬೆವರು ಆರಿದರೆ ಮಾತ್ರ ಮೈ ತಣ್ಣಗಾಗುವುದು. ಹಾಗಾಗಿ ಮಂಗಳೂರಿನ 35 ಡಿಗ್ರಿಯಲ್ಲಿ ಒದ್ದಾಡುವ ಮನುಷ್ಯ ಅಲ್ಲಿ 40 ಡಿಗ್ರಿಯಲ್ಲಿ "ಅಡ್ಡಿಯಿಲ್ಲ, ತಡೀಬಹುದು" ಅನ್ನುತ್ತಾನೆ. ಅಲ್ಲೇ ಮೋಸ ಹೋಗುವುದು. ಬೆನ್ನ ಮೇಲೆ ನೀರು ಇಳಿಯುವುದನ್ನು ನೋಡಿ "ಇವತ್ತು ಸೆಖೆ ಜಾಸ್ತಿ, ನೀರು ಕುಡಿಯಬೇಕು" ಅಂತ ಲೆಕ್ಕ ಹಾಕಿ ಬೆಳೆದ ನಮ್ಮ ಹುಡುಗರಿಗೆ ಆ ಗುರುತೇ ಅಲ್ಲಿ ಸಿಗುವುದಿಲ್ಲ. ಬಿಸಿಲಲ್ಲಿ ಗುದ್ದಲಿ ಹಿಡಿದವನು ಗಂಟೆಗೆ ಒಂದು ಲೀಟರಿನಷ್ಟು ನೀರು ಸಲೀಸಾಗಿ ಕಳೆದುಕೊಳ್ಳುತ್ತಾನೆ. ಎಂ.ಇ.ಜಿ.ಯವರು ಸ್ಯಾಪರ್‌ಗಳು, ಅಗೆಯುವುದು, ಹೊರುವುದು, ಕಟ್ಟುವುದೇ ಅವರ ಕಸುಬು.

ಮುಂದಿನ ಸಲ ಫೋನ್ ಬಂದಾಗ ಒಂದು ಕೆಲಸ ಹೇಳಿ. ಮಧ್ಯಾಹ್ನ ಕೆಲಸ ಮುಗಿಸಿ ಬಂದ ಮೇಲೆ ಅಂಗಿ ಬಿಚ್ಚಿ ಬೆನ್ನಿನ ಕಡೆ ನೋಡಲಿ. ಹೆಗಲ ಕೆಳಗೆ, ಬೆಲ್ಟ್ ಕಟ್ಟುವ ಕಡೆ ಬಿಳಿ ಗೆರೆಗಳು ಸುತ್ತುಸುತ್ತಾಗಿ ಮೂಡಿರುತ್ತವೆ. ಬೆರಳಲ್ಲಿ ಉಜ್ಜಿದರೆ ಸಣ್ಣಗೆ ಪುಡಿ ಉದುರುತ್ತದೆ. ಅದು ಉಪ್ಪು. ಆ ದಿನ ಮೈಯಿಂದ ಹೋದ ನೀರಿಗೆ ಅದಕ್ಕಿಂತ ಸಾಕ್ಷಿ ಬೇಡ.

ಅಲ್ಲಿ ಬಾಯಾರಿಕೆಯನ್ನು ನಂಬಬಾರದು. ಗಂಟಲು ಒಣಗಿ "ನೀರು" ಅನ್ನುವ ಹೊತ್ತಿಗೆ ಮೈ ಆಗಲೇ ಸಾಲ ಮಾಡಿಕೊಂಡಿರುತ್ತದೆ. ಅದಕ್ಕೇ ಯೂನಿಟ್ಟಿನಲ್ಲಿ ಹೊತ್ತುಹೊತ್ತಿಗೆ ನೀರು ಕುಡಿಸುವುದು. ಹಳಬರು ಬಾಟಲಿ ತೋರಿಸಿ "ಪೀ ಲೇ" ಅಂತ ಗದರುತ್ತಾರೆ. ಅದನ್ನು ದಬ್ಬಾಳಿಕೆ ಅಂದುಕೊಳ್ಳುವುದು ಬೇಡ ಅನ್ನಿ. ಸಾಕಷ್ಟು ಆಯಿತೋ ಇಲ್ಲವೋ ತಿಳಿಯಲು ಮೂತ್ರದ ಬಣ್ಣ ನೋಡಿದರೆ ಸಾಕು. ತಿಳಿ ಹಳದಿ ಇದ್ದರೆ ಸರಿ. ಗಾಢವಾಗಿ, ಅದೂ ಕಡಿಮೆಯಾಗಿ ಹೋಗುತ್ತಿದ್ದರೆ ಕೊರತೆ ಇದೆ. ಹಾಗಂತ ಊಟ ಬಿಟ್ಟು ಬರೀ ನೀರನ್ನೇ ಲೀಟರುಗಟ್ಟಲೆ ಸುರಿದುಕೊಂಡರೂ ರಕ್ತದಲ್ಲಿ ಉಪ್ಪು ತೆಳುವಾಗಿ ತಲೆ ತಿರುಗುತ್ತದೆ, ವಾಂತಿಯಾಗುತ್ತದೆ. ಹೊತ್ತಿಗೆ ಸರಿಯಾಗಿ ಹೊಟ್ಟೆ ತುಂಬ ಉಂಡರೆ ಉಪ್ಪು ಅದರಲ್ಲೇ ಸಿಗುತ್ತದೆ. ತುಂಬ ಬೆವರಿದ ದಿನ ಓ.ಆರ್.ಎಸ್. ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಹಾಕಿ ಕುಡಿಯಲಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಮಟ್ಟವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಹಿಂದೆ ಉಪ್ಪಿನ ಮಾತ್ರೆ ನುಂಗಿಸುವ ಪದ್ಧತಿ ಇತ್ತು, ಈಗ ಅದು ಬೇಡ ಅನ್ನುತ್ತಾರೆ. ಹೊಟ್ಟೆ ಕೆಡಿಸುತ್ತದೆ.

ಇನ್ನು ಮೈ ಒಗ್ಗುತ್ತದಾ ಅಂದಿರಿ. ಒಗ್ಗುತ್ತದೆ, ಅದೂ ನೀವು ಅಂದುಕೊಂಡಿದ್ದಕ್ಕಿಂತ ಬೇಗ. ದಿನಾ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತ ಬಿಸಿಲಲ್ಲಿ ಕೆಲಸ ಮಾಡಿದರೆ ಹತ್ತರಿಂದ ಹದಿನಾಲ್ಕು ದಿನದಲ್ಲಿ ಮೈಯ ಒಳಗಿನ ಏರ್ಪಾಡೇ ಬದಲಾಗುತ್ತದೆ. ರಕ್ತದಲ್ಲಿ ನೀರಿನ ಅಂಶ ಹೆಚ್ಚುತ್ತದೆ, ಅದೇ ಕೆಲಸಕ್ಕೆ ಎದೆ ಮೊದಲಿನಷ್ಟು ಹೊಡೆದುಕೊಳ್ಳುವುದಿಲ್ಲ, ಬೆವರು ಬೇಗ ಶುರುವಾಗುತ್ತದೆ, ಹೆಚ್ಚು ಬರುತ್ತದೆ, ಆದರೆ ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ. ಅಂಗಿಯ ಬಿಳಿ ಗೆರೆ ವಾರದಿಂದ ವಾರಕ್ಕೆ ಮಂಕಾಗುತ್ತ ಹೋದರೆ ಹುಡುಗ ಒಗ್ಗುತ್ತಿದ್ದಾನೆ ಅಂತಲೇ ಅರ್ಥ. ಸಮಸ್ಯೆ ಬರುವುದು ಹೊಸಬರು ಜಿದ್ದಿಗೆ ಬಿದ್ದಾಗ. ಇಪ್ಪತ್ತರ ಹುಡುಗನಿಗೆ ಹಳಬರ ಎದುರು ಸೋಲಬಾರದು ಅನ್ನುವ ಹಟ ಇರುತ್ತದೆ. ನಮ್ಮ ಕಡೆಯ ಮಕ್ಕಳು ಅಡಿಕೆ ಗೊನೆ ಹೊತ್ತು ಗುಡ್ಡ ಹತ್ತಿದವರು, ಗಟ್ಟಿಗರು ನಿಜ. ಆದರೆ ಆ ಗಟ್ಟಿತನ ತಯಾರಾದದ್ದು ನೆರಳಿನಲ್ಲಿ. ಅಡಿಕೆ ತೋಟದಲ್ಲಿ ಮಧ್ಯಾಹ್ನ ಹನ್ನೆರಡಕ್ಕೂ ಬಿಸಿಲು ನೆಲ ಮುಟ್ಟುವುದಿಲ್ಲವಲ್ಲ!

ಅಲ್ಲಿನ ಶಾಖ ಎಷ್ಟೆಂದು ನಿಮಗೆ ಒಂದು ಅಂದಾಜು ಇರಲಿ. ಜೈಸಲ್ಮೇರಿಗೂ ಜೋಧಪುರಕ್ಕೂ ನಡುವೆ ಬರುವ ಫಲೋದಿಯಲ್ಲಿ 2016ರ ಮೇ 19ರಂದು 51 ಡಿಗ್ರಿ ದಾಖಲಾಗಿತ್ತು. ದಿನಾ ಹಾಗಿರುವುದಿಲ್ಲ, ಆದರೆ ಮೇ, ಜೂನ್‌ನಲ್ಲಿ 42ರಿಂದ 45 ಅಂದರೆ ಅಲ್ಲಿ ಸುದ್ದಿಯೇ ಅಲ್ಲ. ಮಧ್ಯಾಹ್ನ ಬೀಸುವ ಬಿಸಿಗಾಳಿಗೆ 'ಲೂ' ಅನ್ನುತ್ತಾರೆ. ಗಾಳಿ ನಮ್ಮ ಚರ್ಮಕ್ಕಿಂತ ಬಿಸಿಯಾಗಿದ್ದರೆ ಅದು ಬೀಸಿದಷ್ಟೂ ಮೈ ಕಾಯುತ್ತದೆ. ಅದಕ್ಕೇ ಅಲ್ಲಿನ ಜನ ಸೆಖೆಯಾದರೆ ನಮ್ಮ ಹಾಗೆ ಅಂಗಿ ಬಿಚ್ಚಿ ಜಗಲಿಯಲ್ಲಿ ಕೂರುವುದಿಲ್ಲ; ತಲೆಗೆ ಪೇಟ ಸುತ್ತಿ, ಕಿವಿ ಮುಚ್ಚಿ, ತುಂಬು ತೋಳಿನ ಸಡಿಲ ಬಟ್ಟೆ ಹಾಕಿಕೊಳ್ಳುತ್ತಾರೆ. ನಿಮ್ಮ ಮಗನೂ ಮುಖಕ್ಕೆ ಬಟ್ಟೆ ಸುತ್ತಿಕೊಂಡ ಫೋಟೋ ಕಳಿಸಿದರೆ ಗಾಬರಿಯಾಗಬೇಡಿ.

ಒಂದೇ ಒಂದು ಸಂಗತಿ ಮಾತ್ರ ನಿಜವಾದ ಅಪಾಯ. ಬಿಸಿಲಲ್ಲಿ ಕೆಲಸ ಮಾಡುತ್ತಿದ್ದವನು ಇದ್ದಕ್ಕಿದ್ದಂತೆ ಸಂಬಂಧವಿಲ್ಲದ ಮಾತಾಡಿದರೆ, ತೂರಾಡಿದರೆ, ವಿನಾಕಾರಣ ಸಿಡುಕಿ ಜಗಳಕ್ಕೆ ನಿಂತರೆ ಅದು ಹೀಟ್ ಸ್ಟ್ರೋಕ್ ಇರಬಹುದು. ಮೈಯೊಳಗಿನ ಶಾಖ 40 ಡಿಗ್ರಿ ದಾಟಿ ಮಿದುಳು ಕೆಡಲು ಶುರುವಾಗಿರುತ್ತದೆ. ಬೆವರು ನಿಂತೇ ನಿಲ್ಲಬೇಕು ಅಂತಿಲ್ಲ. ದುಡಿಯುತ್ತಿದ್ದವನಿಗೆ ಮೈ ಒದ್ದೆ ಇರುವಾಗಲೇ ಬರಬಹುದು. ಆಗ ಜೀಪು ಹುಡುಕುವ ಮೊದಲು ತಣ್ಣಗೆ ಮಾಡಬೇಕು. ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ಸಿಕ್ಕಿದ ನೀರೆಲ್ಲ ಮೈಗೆ ಸುರಿದು ಗಾಳಿ ಹಾಕಬೇಕು, ಕತ್ತು, ಕಂಕುಳು, ತೊಡೆ ಸಂದಿಗೆ ಐಸ್ ಇಡಬೇಕು. ಇದು ಯೂನಿಟ್ಟಿನಲ್ಲಿ ಎಲ್ಲರಿಗೂ ಕಲಿಸಿರುತ್ತಾರೆ. ಅವನಿಗೆ ನೀವು ಹೇಳಬೇಕಾದದ್ದು ಇಷ್ಟೇ: ತಲೆನೋವು, ಹೊಟ್ಟೆ ತೊಳಸು, ಸ್ನಾಯು ಹಿಡಿಯುವುದು ಶುರುವಾದರೆ ನಾಚಿಕೆ ಬಿಟ್ಟು ಪಕ್ಕದವನಿಗೆ ಹೇಳಿ ಕೂತುಬಿಡಬೇಕು.

ಮೂಗಿನ ರಕ್ತ ಒಣ ಗಾಳಿಯ ಕೆಲಸ. ಮೂಗಿನ ಒಳಪೊರೆ ಒಣಗಿ ಬಿರಿಯುತ್ತದೆ, ಸೀನಿದರೆ, ಬೆರಳಾಡಿಸಿದರೆ ಸಣ್ಣ ರಕ್ತನಾಳ ಒಡೆಯುತ್ತದೆ. ರಾತ್ರಿ ಮಲಗುವಾಗ ಹೊಳ್ಳೆಯ ಒಳ ಅಂಚಿಗೆ ತೆಳ್ಳಗೆ ವ್ಯಾಸಲಿನ್ ಸವರಿಕೊಳ್ಳಲಿ. ರಕ್ತ ಬಂದರೆ ತಲೆ ಹಿಂದಕ್ಕೆ ಎತ್ತುವುದು ನಮ್ಮಲ್ಲಿ ಎಲ್ಲರೂ ಹೇಳುವ ತಪ್ಪು ಉಪಾಯ; ರಕ್ತ ಗಂಟಲಿಗೆ ಇಳಿಯುತ್ತದೆ. ಮುಂದಕ್ಕೆ ಬಾಗಿ, ಮೂಗಿನ ಮೆತ್ತನೆಯ ಭಾಗವನ್ನು ಎರಡೂ ಕಡೆಯಿಂದ ಒತ್ತಿ ಹಿಡಿದು ಹತ್ತು ನಿಮಿಷ ಬಾಯಲ್ಲಿ ಉಸಿರಾಡಬೇಕು. ಅಷ್ಟಕ್ಕೂ ನಿಲ್ಲದಿದ್ದರೆ, ಅಥವಾ ವಾರಕ್ಕೆ ಮೂರು ನಾಲ್ಕು ಸಲ ಬರುತ್ತಿದ್ದರೆ ಎಂ.ಐ. ರೂಮಿಗೆ. ತುಟಿ, ಹಿಮ್ಮಡಿ ಒಡೆಯುವುದಕ್ಕೂ ಅದೇ ವ್ಯಾಸಲಿನ್. ಒಂದು ಲಾಭವೂ ಇದೆ ನೋಡಿ: ಮಳೆಗಾಲದಲ್ಲಿ ಗದ್ದೆ ನೆಟ್ಟಿಗೆ ಇಳಿದವರಿಗೆ ಬರುವ ಬೆರಳ ಸಂದಿಯ ಹುಣ್ಣು ಅವನಿಗಿದ್ದರೆ ಔಷಧಿ ಇಲ್ಲದೆ ಮಾಯವಾಗಿರುತ್ತದೆ.

ನಿದ್ದೆಯ ವಿಷಯಕ್ಕೆ ಅಲ್ಲಿನ ದಿನಚರಿ ತಿಳಿಯಬೇಕು. ಬೇಸಿಗೆಯಲ್ಲಿ ಬೆಳಕು ಹರಿಯುವ ಮೊದಲೇ ಪಿ.ಟಿ. ಮುಗಿಸಿ, ಬಿಸಿಲು ಏರುವುದರೊಳಗೆ ಭಾರದ ಕೆಲಸ ಮಾಡಿಸುತ್ತಾರೆ. ಮಧ್ಯಾಹ್ನ ಸಾಧ್ಯವಾದಷ್ಟು ಒಳಗೆ. ಸಂಜೆ ಮತ್ತೆ ಹೊರಗೆ. ಜೈಸಲ್ಮೇರ್ ದೇಶದ ಪಶ್ಚಿಮ ಅಂಚಿನಲ್ಲಿರುವುದರಿಂದ ಜೂನ್‌ನಲ್ಲಿ ಸೂರ್ಯ ಮುಳುಗುವುದು ಏಳೂಮುಕ್ಕಾಲರ ಸುಮಾರಿಗೆ. ನೀವು ದೀಪ ಹಚ್ಚಿ ಅಡುಗೆಗೆ ಕೂತ ಹೊತ್ತಿನಲ್ಲಿ ಅವನು ಇನ್ನೂ ಬೆಳಕಿನಲ್ಲಿ ಫಾಲಿನ್, ಅಂದರೆ ಸಾಲುಗಟ್ಟಿ, ನಿಂತಿರುತ್ತಾನೆ. ಆಮೇಲೆ ಸಂತ್ರಿ ಡ್ಯೂಟಿ ಪಾಳಿ ಬೇರೆ. ಹಗಲೆಲ್ಲ ಕಾದ ಬ್ಯಾರಕ್ಕಿನ ಗೋಡೆ ಮಲಗುವ ಹೊತ್ತಿಗೂ ಬಿಸಿ ಉಗುಳುತ್ತಿರುತ್ತದೆ. ಹೊರಗಿನ ಮರಳು ಮಾತ್ರ ಬೇಗ ಆರುತ್ತದೆ. ಬೆಳಗಿನ ಜಾವ ಹೊದಿಕೆ ಹುಡುಕುವ ಹಾಗಾಗುತ್ತದೆ. ಸ್ನಾನದ ಕಥೆಯೂ ತಲೆಕೆಳಗು. ಇಲ್ಲಿ ಹಂಡೆಗೆ ಬೆಂಕಿ ಹಾಕಿ ಕಾಯಿಸುತ್ತೀರಿ. ಅಲ್ಲಿ ಮಧ್ಯಾಹ್ನ ತೊಟ್ಟಿಯ ನಲ್ಲಿ ತಿರುಗಿಸಿದರೆ ಕೈ ಸುಡುವ ನೀರು ಬರುತ್ತದೆ, ತಣ್ಣೀರು ಬೇಕಿದ್ದರೆ ಬೆಳಗಿನ ಜಾವ ಏಳಬೇಕು. ಅದೂ ಅಳತೆಯ ನೀರು.

ಆಗುಂಬೆಯಲ್ಲಿ ಒಂದು ದಿನ ಚೆನ್ನಾಗಿ ಜಡಿದರೆ ಬೀಳುವಷ್ಟು ಮಳೆ ಜೈಸಲ್ಮೇರಿಗೆ ಇಡೀ ವರ್ಷಕ್ಕೆ ಬೀಳುತ್ತದೆ, ಸುಮಾರು 200 ಮಿಲಿಮೀಟರಿನ ಒಳಗೆ. ಹಿಂದೆ ಊರವರು ನೆಲದಡಿ 'ಟಾಂಕಾ' ಎಂಬ ತೊಟ್ಟಿ ಕಟ್ಟಿ ಆ ಮಳೆಯನ್ನೇ ವರ್ಷವಿಡೀ ಕುಡಿಯುತ್ತಿದ್ದರು. ಈಗ ಪಂಜಾಬಿನ ಹರಿಕೆ ಬ್ಯಾರೇಜಿನಿಂದ ಹೊರಟ ಇಂದಿರಾ ಗಾಂಧಿ ನಾಲೆ, ಫೀಡರ್ ಸೇರಿ 649 ಕಿಲೋಮೀಟರ್ ಹರಿದು ಆ ಕಡೆಗೆ ನೀರು ತಂದಿದೆ. ಆದರೂ ನಾಲೆಯಿಂದ ದೂರದ ಠಾಣ್ಯಗಳಿಗೆ ಟ್ಯಾಂಕರ್‌ನಲ್ಲೇ ನೀರು ಬರಬೇಕು. ಹೊಳೆ ಪಕ್ಕ ಹುಟ್ಟಿದ ಹುಡುಗ ಬಕೆಟ್ ನೀರು ಅಳೆದು ಮೀಯುವುದನ್ನು ಕಲಿಯಲು ಸ್ವಲ್ಪ ದಿನ ಹಿಡಿಯುತ್ತದೆ.

ಮರಳಿನ ಬಗ್ಗೆ ಅವನು ನಿಮಗೆ ಏನೂ ಹೇಳಿಲ್ಲ ಅನ್ನುವುದೇ ನನಗೆ ಆಶ್ಚರ್ಯ, ಯಾಕೆಂದರೆ ಬೇರೆ ಎಲ್ಲರೂ ಮೊದಲು ಹೇಳುವುದು ಅದನ್ನೇ. ಚಹಾದ ಲೋಟದ ತಳದಲ್ಲಿ, ಚಪಾತಿ ಕಡಿದಾಗ ಹಲ್ಲಿನ ಕೆಳಗೆ, ಬೀಗ ಹಾಕಿದ ಟ್ರಂಕಿನ ಒಳಗೆ ಮಡಿಸಿಟ್ಟ ಬಟ್ಟೆಯ ಮಡಿಕೆಯಲ್ಲಿ, ಎಲ್ಲೆಲ್ಲೂ ಅದು. ನಮ್ಮಲ್ಲಿ ಬಂದೂಕಿಗೆ ತುಕ್ಕಿನ ಭಯ, ಎಣ್ಣೆ ಸುರಿಯುತ್ತೇವೆ. ಅಲ್ಲಿ ಎಣ್ಣೆ ಹೆಚ್ಚಾದರೆ ಮರಳು ಅಂಟಿ ಬಂದೂಕೇ ಕಚ್ಚಿಕೊಳ್ಳುತ್ತದೆ, ತೆಳ್ಳಗೆ ಒರೆಸಬೇಕು. ಆಂಧಿ, ಅಂದರೆ ಮರಳಿನ ಬಿರುಗಾಳಿ, ಎದ್ದರೆ ಮೊದಲು ದಿಗಂತದಲ್ಲಿ ಕಂದು ಗೋಡೆ ಕಾಣುತ್ತದೆ, ನೋಡನೋಡುತ್ತ ಹತ್ತಿರ ಬಂದು ಪಕ್ಕದ ಡೇರೆಯೂ ಕಾಣದ ಹಾಗೆ ಮುಚ್ಚುತ್ತದೆ. ಮುಗಿದ ಮೇಲೆ ಬೆಳಿಗ್ಗೆ ನಡೆದ ದಾರಿಯ ಗುರುತೇ ಇರುವುದಿಲ್ಲ. ನಮ್ಮ ಹುಡುಗರಿಗೆ ಇನ್ನೊಂದು ತೊಡಕು, ದೂರದ ಅಂದಾಜು ತಪ್ಪುವುದು. ಮರಗಳ ನಡುವೆ ಬೆಳೆದ ಕಣ್ಣಿಗೆ ಐವತ್ತು ಮಾರು ಆಚೆ ನೋಡಿ ಅಭ್ಯಾಸವಿರುವುದಿಲ್ಲ. ಬಯಲಿನಲ್ಲಿ "ಅಲ್ಲೇ ಇದೆ" ಅನ್ನಿಸಿದ ದಿಬ್ಬ ಹತ್ತಿರ ಹೋಗುತ್ತಲೇ ಇದ್ದರೂ ಅಲ್ಲೇ ಇರುತ್ತದೆ. ಹಾಗಾಗಿ ಒಬ್ಬನೇ ಎಲ್ಲೂ ಹೋಗಬಾರದು ಅನ್ನುವ ನಿಯಮ ಕಟ್ಟುನಿಟ್ಟು.

ಹಾವಿನ ಭಯ ನಿಮಗೆ ಹೊಸದಲ್ಲ. ಅಲ್ಲಿ ಗರಗಸ ಮಂಡಲ ಎಂಬ ವಿಷದ ಸಣ್ಣ ಹಾವು ರಾತ್ರಿ ಮರಳಿನ ಮೇಲೆ ಓಡಾಡುತ್ತದೆ, ಚೇಳುಗಳಿವೆ. ಬೂಟು ಕೊಡವಿ ಹಾಕಿಕೊಳ್ಳುವುದು, ರಾತ್ರಿ ಟಾರ್ಚ್ ಇಲ್ಲದೆ ಹೊರಗೆ ಕಾಲಿಡದಿರುವುದು, ಎರಡೂ ಅವನಿಗೆ ಊರಿನಲ್ಲೇ ಅಭ್ಯಾಸವಾಗಿರುತ್ತದೆ.

ಈಗ ಅವನ ಮೌನದ ವಿಷಯ. ಇದರಲ್ಲಿ ಅರ್ಧಕ್ಕೆ ಮನಸ್ಸು ಕಾರಣವೇ ಅಲ್ಲ ಅಂತ ನನ್ನ ಅಂದಾಜು. ಬೆಂಗಳೂರಿನಲ್ಲಿದ್ದಾಗ ಅವನು ತರಬೇತಿಯ ಹುಡುಗ, ಹೇಳಲು ಅಡ್ಡಿಯಿರಲಿಲ್ಲ. ಈಗ ಇರುವುದು ಗಡಿ ಜಿಲ್ಲೆಯಲ್ಲಿ. ಎಲ್ಲಿದ್ದೇವೆ, ಎಷ್ಟು ಜನ, ನಾಳೆ ಎಲ್ಲಿಗೆ ಹೋಗುತ್ತೇವೆ ಎಂಬುದನ್ನು ಫೋನಿನಲ್ಲಿ ಹೇಳಬಾರದು ಅಂತ ಬಂದ ದಿನವೇ ತಾಕೀತು ಮಾಡಿರುತ್ತಾರೆ. 2020ರಲ್ಲಿ ಸೈನ್ಯ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿ 89 ಆ್ಯಪ್‌ಗಳನ್ನು ಮೊಬೈಲಿನಿಂದ ತೆಗೆಯಿರಿ ಅಂತ ಆದೇಶ ಮಾಡಿತ್ತು. ನೀವು "ಎಲ್ಲಿದ್ದೀಯ ಮಗ, ಬಾರ್ಡರ್ ಎಷ್ಟು ದೂರ, ಇವತ್ತು ಏನು ಕೆಲಸ ಮಾಡಿದೆ" ಅಂತ ಕೇಳಿದರೆ ಅವನ ಹತ್ತಿರ ಇರುವ ಉತ್ತರ "ಹೂಂ, ಸರಿ" ಒಂದೇ. ಮೇಲಾಗಿ ಸುತ್ತ ಹತ್ತಾರು ಮಂಚ, ಪಕ್ಕದವನ ಕಿವಿ ಇವನ ಮಾತಿನ ಮೇಲೆ. ಅಮ್ಮನ ಹತ್ತಿರ ಕಷ್ಟ ಹೇಳಿಕೊಂಡರೆ ನಾಳೆ ಲಂಗರಿನಲ್ಲಿ, ಅಂದರೆ ಊಟದ ಮನೆಯಲ್ಲಿ, ಆಡಿಕೊಳ್ಳುತ್ತಾರೆ ಅನ್ನುವ ಮುಜುಗರ ಬೇರೆ. ಅವನು ಕಳಿಸಿದ ಫೋಟೋವನ್ನು ನೀವಾಗಲಿ, ನೆಂಟರಾಗಲಿ ಸ್ಟೇಟಸ್‌ಗೆ ಹಾಕಬೇಡಿ. ಕೊಡಗಿನ ಹಾಗೆ ಮನೆಮನೆಯಲ್ಲೂ ಸೈನಿಕರಿರುವ ಸೀಮೆ ನಮ್ಮದಲ್ಲ. ಹಾಗಾಗಿ ಊರಲ್ಲಿ ಒಬ್ಬ ಹುಡುಗ ಸೇರಿದರೆ ಅವನ ಯೂನಿಟ್ಟಿನ ಹೆಸರು ಸಮೇತ ಫ್ಲೆಕ್ಸ್ ಕಟ್ಟಿಬಿಡುತ್ತಾರೆ. ಅಭಿಮಾನ ಸರಿ, ಆ ಹೆಸರು ಯಾಕೆ ಬೇಕು?

ಉಳಿದ ಅರ್ಧ ಮನಸ್ಸಿನದೇ. ಅಲ್ಲಿಗೆ ಬಂದ ಹೊಸದರಲ್ಲಿ ಮಲೆನಾಡಿನವರನ್ನು ಹೆಚ್ಚು ಕಾಡುವುದು ಬಿಸಿಲಿಗಿಂತ ಹಸಿರಿಲ್ಲದ ಬಯಲು, ಜೀರುಂಡೆ ಸದ್ದಿಲ್ಲದ ರಾತ್ರಿ. ಜೂನ್ ಬಂದು "ಊರಲ್ಲಿ ಮಳೆ ಹಿಡಿದಿದೆ" ಅಂತ ಸುದ್ದಿ ಕೇಳಿದ ದಿನ ಗಟ್ಟಿ ಹುಡುಗರೂ ಮಂಕಾಗುತ್ತಾರೆ. ಆಗ "ಹೇಗಿದ್ದೀಯ" ಅಂತ ಕೇಳಬೇಡಿ. ಅವನ ಕೆಲಸಕ್ಕೆ ಸಂಬಂಧಪಡದ, ಕಣ್ಣಿಗೆ ಬೀಳುವ ಸಂಗತಿ ಕೇಳಿ. ಉದಾಹರಣೆಗೆ, ಅಲ್ಲಿ ಬಯಲಿನಲ್ಲಿ ಒಂಟೊಂಟಿಯಾಗಿ ನಿಂತಿರುವ ಖೇಜಡಿ ಮರ ನಮ್ಮ ದಸರೆಯ ಬನ್ನಿಯೇ. ಅದರ ಎಳೆ ಕಾಯಿಗೆ ಸಾಂಗ್ರಿ ಅನ್ನುತ್ತಾರೆ, ಒಣಗಿಸಿ ಪಲ್ಯ ಮಾಡುತ್ತಾರೆ. ಆ ಮರಗಳನ್ನು ಕಡಿಯಲು ಬಿಡದೆ 1730ರಲ್ಲಿ ಜೋಧಪುರದ ಹತ್ತಿರ ಖೇಜಡ್ಲಿ ಎಂಬ ಊರಿನಲ್ಲಿ ಬಿಷ್ಣೋಯಿ ಜನ ಮರ ತಬ್ಬಿ ನಿಂತು ಪ್ರಾಣ ಕೊಟ್ಟಿದ್ದಾರೆ. "ಆ ಮರ ನೋಡಿದೆಯಾ, ಕಾಯಿ ಬಿಟ್ಟಿದೆಯಾ, ರುಚಿ ಹೇಗೆ" ಅಂತ ಕೇಳಿ ನೋಡಿ. ತೋಟದ ಹುಡುಗ ಮರದ ವಿಷಯಕ್ಕೆ ಬಾಯಿ ಬಿಡದೆ ಇರುವುದಿಲ್ಲ.

ಬಿಡುವು ಸಿಕ್ಕಾಗ ಲೋಂಗೆವಾಲ, ತನೋಟ್ ಕಡೆ ಕರೆದುಕೊಂಡು ಹೋಗುವುದುಂಟು. 1971ರ ಡಿಸೆಂಬರ್ 4ರ ರಾತ್ರಿ ಮೇಜರ್ ಕುಲದೀಪ್ ಸಿಂಗ್ ಚಾಂದಪುರಿ ಅವರ ಕೈಕೆಳಗೆ 23ನೇ ಪಂಜಾಬ್ ಪಡೆಯ ನೂರಿಪ್ಪತ್ತರಷ್ಟು ಜನ ಪಾಕಿಸ್ತಾನದ ಟ್ಯಾಂಕ್ ದಂಡನ್ನು ಬೆಳಗಾಗುವ ತನಕ ತಡೆದು ನಿಲ್ಲಿಸಿದ್ದು ಲೋಂಗೆವಾಲದಲ್ಲಿ. ಬೆಳಕು ಹರಿದ ಮೇಲೆ ಜೈಸಲ್ಮೇರಿನಿಂದ ಹಾರಿದ ಹಂಟರ್ ವಿಮಾನಗಳು ಉಳಿದ ಕೆಲಸ ಮುಗಿಸಿದವು. ಮೆತ್ತನೆ ಮರಳಿನಲ್ಲಿ ವೈರಿಯ ಗಾಡಿಗಳು ಹೂತು ನಿಂತದ್ದೂ ನಮ್ಮವರಿಗೆ ಅನುಕೂಲವಾಯಿತು. ತನೋಟ್ ಮಾತೆಯ ಗುಡಿಯನ್ನು ಬಿ.ಎಸ್.ಎಫ್. ಜವಾನರೇ ನೋಡಿಕೊಳ್ಳುತ್ತಾರೆ, ಸಿಡಿಯದೆ ಉಳಿದ ಶೆಲ್‌ಗಳನ್ನು ಒಳಗೆ ಇಟ್ಟಿದ್ದಾರೆ. ಇದೆಲ್ಲ ಎಲ್ಲರೂ ನೋಡುವ ಜಾಗ, ಗುಟ್ಟೇನಿಲ್ಲ. ಹೋಗಿ ಬಂದ ದಿನ ಅವನ ಫೋನ್ ಉದ್ದವಾಗಿರುತ್ತದೆ.

ಹೀಗಿದ್ದೂ ಎರಡು ಮೂರು ವಾರ ಕಳೆದ ಮೇಲೂ ಊಟ ಸೇರುತ್ತಿಲ್ಲ, ನಿದ್ದೆಯೇ ಇಲ್ಲ, "ನನ್ನಿಂದ ಆಗಲ್ಲ, ಇದ್ದೂ ಏನು ಪ್ರಯೋಜನ" ಅನ್ನುವ ಮಾತು ಬಂದರೆ ಸುಮ್ಮನಿರಬೇಡಿ. ಗೆಳೆಯರಲ್ಲಿ ಒಬ್ಬನ ನಂಬರ್ ಈಗಲೇ ತೆಗೆದಿಟ್ಟುಕೊಳ್ಳಿ. ಅವನಿಗೆ ಹೇಳಿ, ಅಥವಾ ಮಗನಿಗೇ ತನ್ನ ಸುಬೇದಾರ್ ಸಾಬ್ ಹತ್ತಿರ ಮಾತಾಡಲು ಹೇಳಿ. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ 14416ಕ್ಕೆ ಕನ್ನಡದಲ್ಲೂ ಮಾತಾಡಬಹುದು, ದುಡ್ಡಿಲ್ಲ, ನೀವೂ ಮಾಡಬಹುದು.

ಊಟದ ಚಿಂತೆ ಕಡಿಮೆ ಮಾಡಿ. ಎಂ.ಇ.ಜಿ. ನಮ್ಮ ದಕ್ಷಿಣದವರ ದಳ, ಸೈನ್ಯದಲ್ಲಿ ಅವರಿಗೆ ತಂಬಿಗಳು ಅಂತಲೇ ಹೆಸರು. ಅವರ ಲಂಗರಿನಲ್ಲಿ ಅನ್ನ ಸಾಂಬಾರಿಗೆ ಬರವಿರುವುದಿಲ್ಲ. ಕಳಿಸುವುದಾದರೆ ನನ್ನ ಮೊದಲ ಓಟು ಒಣಗಿಸಿದ ಮುರುಗಲ (ಕೋಕಂ) ಸಿಪ್ಪೆಗೆ. ರಾತ್ರಿ ನೀರಿಗೆ ಹಾಕಿಟ್ಟು ಬೆಳಿಗ್ಗೆ ಚೂರು ಉಪ್ಪು, ಸಕ್ಕರೆ ಹಾಕಿ ಕುಡಿದರೆ ಬರೀ ನೀರು ಸೇರದ ದಿನವೂ ಹೊಟ್ಟೆಗೆ ಇಳಿಯುತ್ತದೆ. ಅಪ್ಪೆಮಿಡಿ ಕಳಿಸಿ, ಆದರೆ ಗಾಜಿನ ಭರಣಿಯಲ್ಲಿ ಬೇಡ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಮೇಲೆ ಎರಡು ಕವರ್. ಒಬ್ಬನಿಗೆ ಸಾಕು ಅನ್ನುವ ಲೆಕ್ಕ ಇಡಬೇಡಿ, ಡಬ್ಬಿ ತೆರೆದ ದಿನವೇ ಅದು ಇಡೀ ಬ್ಯಾರಕ್ಕಿನದು. ಹಲಸಿನ ಹಪ್ಪಳ, ಚಟ್ನಿಪುಡಿ, ಕಷಾಯದ ಪುಡಿ ಬಾಳಿಕೆ ಬರುತ್ತವೆ. ಕೊಬ್ಬರಿ ಹಾಕಿದ್ದು ಆ ಶಾಖಕ್ಕೆ ಕಮಟು ಹಿಡಿಯುತ್ತದೆ. ಜೋನಿಬೆಲ್ಲ ದಾರಿಯಲ್ಲೇ ಸೋರುತ್ತದೆ. ತೊಡದೇವು ಕಳಿಸಿದರೆ ತಲುಪುವುದು ತೊಡದೇವಿನ ಪುಡಿ. ವಿಳಾಸಕ್ಕೆ ಅವನ ನಂಬರ್, ರ‍್ಯಾಂಕ್, ಹೆಸರು, ಯೂನಿಟ್, ಅವನು ಹೇಳಿದ ಎಪಿಒ (ಸೈನ್ಯದ ಅಂಚೆ ಕಚೇರಿ) ಸಂಖ್ಯೆ ಸಾಕು. ಊರಿನ ಹೆಸರು ಬರೆಯಬಾರದು. ಅಂಚೆ ಕಚೇರಿಯಲ್ಲೇ ಕೊಡಿ, ಖಾಸಗಿ ಕೊರಿಯರ್ ಆ ವಿಳಾಸಕ್ಕೆ ಹೋಗುವುದಿಲ್ಲ.

ಕಳಿಸಬಾರದ್ದು ಔಷಧಿ. ಶೀತಕ್ಕೆ, ಅಲರ್ಜಿಗೆ ಕೊಡುವ ನಿದ್ದೆ ಬರಿಸುವ ಹಳೆಯ ಮಾತ್ರೆಗಳು, ಹೊಟ್ಟೆ ನುಲಿತದ ಕೆಲವು ಮಾತ್ರೆಗಳು ಬೆವರನ್ನು ತಡೆಯುತ್ತವೆ. ಇಲ್ಲಿ ಅದರಿಂದ ತೊಂದರೆಯಿಲ್ಲ, ಅಲ್ಲಿ ಬೆವರು ನಿಂತರೆ ಮನುಷ್ಯ ಉಳಿಯುವುದು ಕಷ್ಟ. ಏನೇ ಆದರೂ ಎಂ.ಐ. ರೂಮಿನ ಮಾತ್ರೆಯನ್ನೇ ನುಂಗಲಿ. ಕ್ಯಾಂಟೀನಿನ ರಮ್ಮಿನ ಬಗ್ಗೆ ತಾಯಿಯಾಗಿ ನೀವು ಹೇಳಬೇಕಾದ್ದನ್ನು ಹೇಳಿಕೊಳ್ಳಿ. ನಾನು ಹೇಳುವುದು ರಾತ್ರಿ ಕುಡಿದವನು ಬೆಳಗಿನ ಪಿ.ಟಿ.ಗೆ ಆಗಲೇ ಒಣಗಿದ ಮೈಯಲ್ಲಿ ಬರುತ್ತಾನೆ ಅನ್ನುವುದಷ್ಟೇ. ಕಂಬಳಿಗೆ ನವೆಂಬರ್ ತನಕ ಕಾಯಿರಿ. ಡಿಸೆಂಬರ್, ಜನವರಿಯ ರಾತ್ರಿ ಅಲ್ಲಿ ಸೊನ್ನೆಯ ಹತ್ತಿರ ಇಳಿಯುವುದುಂಟು. ಸೈನ್ಯದ ಹೊದಿಕೆ ಕೊಡುತ್ತಾರೆ, ಆದರೂ ಮನೆಯದೊಂದು ಇದ್ದರೆ ಬೇಡ ಅನ್ನುವುದಿಲ್ಲ.

ರಜೆಯ ವಿಷಯ ಕೊನೆಗೆ ಇಟ್ಟಿದ್ದೇನೆ, ಯಾಕೆಂದರೆ ಇದನ್ನು ಯಾರೂ ಯೋಚಿಸುವುದಿಲ್ಲ. ಅಗ್ನಿವೀರರಿಗೆ ವರ್ಷಕ್ಕೆ 30 ದಿನ ರಜೆ. ಮೈ ಒಗ್ಗುವುದು ಎಷ್ಟು ಬೇಗವೋ ಮರೆಯುವುದೂ ಅಷ್ಟೇ ಬೇಗ. ಒಂದು ವಾರ ಬಂದು ಹೋದರೆ ಹೆಚ್ಚೇನೂ ಕೆಡುವುದಿಲ್ಲ. ಆದರೆ ಜುಲೈನಲ್ಲಿ ಮೂರು ನಾಲ್ಕು ವಾರ ಹೊಸನಗರದ ಮಳೆಯಲ್ಲಿ ಕಂಬಳಿ ಹೊದ್ದು, ಬಿಸಿ ಅನ್ನ ಉಂಡು ಕೂತವನು ಆಗಸ್ಟಿನಲ್ಲಿ ವಾಪಸು ಹೋದರೆ ಅವನ ಮೈ ಮತ್ತೆ ಏಪ್ರಿಲ್‌ನಲ್ಲಿದ್ದ ಹುಡುಗನ ಮೈಯೇ. ಆ ಹೊತ್ತಿಗೆ ಅಲ್ಲಿ ಗಾಳಿಯಲ್ಲಿ ತೇವವೂ ಸೇರಿಕೊಂಡಿರುತ್ತದೆ, ಬೆವರು ಮೊದಲಿನಷ್ಟು ಸಲೀಸಾಗಿ ಆರುವುದಿಲ್ಲ. ಅವನು ಮಾತ್ರ "ನಾನು ಹಳಬ, ನನಗೆ ಗೊತ್ತು" ಅಂದುಕೊಂಡು ಮೊದಲ ದಿನವೇ ಪೂರ್ತಿ ಕೆಲಸಕ್ಕೆ ನುಗ್ಗುತ್ತಾನೆ. ರಜೆಯಿಂದ ಮರಳಿದ ವಾರದಲ್ಲಿ ಎಂ.ಐ. ರೂಮಿಗೆ ಹೊತ್ತು ತಂದ ಹುಡುಗರನ್ನು ನಾನು ನೋಡಿದ್ದೇನೆ. ಹೊರಡುವ ಮೊದಲು ಕೊನೆಯ ನಾಲ್ಕೈದು ದಿನ, ಮಳೆ ಬಿಟ್ಟ ಹೊತ್ತಲ್ಲಿ ಬೆವರು ಇಳಿಯುವ ತನಕ ಗುಡ್ಡ ಹತ್ತಿ ಇಳಿದು ಓಡಲಿ. ತಲುಪಿದ ಮೇಲೆ ಹೊಸಬರ ಹಾಗೆಯೇ ಒಂದು ವಾರ ನಿಧಾನಕ್ಕೆ ಏರಿಸಿಕೊಳ್ಳಲಿ, ರಜೆಯಿಂದ ಬಂದಿದ್ದೇನೆ ಅಂತ ತನ್ನ ಹವಾಲ್ದಾರರಿಗೆ ಬಾಯಿಬಿಟ್ಟು ಹೇಳಲಿ. ರಜೆಯ ದಿನ ಆರಿಸುವ ಅವಕಾಶ ಸಿಕ್ಕರೆ ಅಕ್ಟೋಬರಿಗೆ ಕೇಳಲು ಹೇಳಿ. ಅವನು ಮರಳಿ ಹೋಗುವ ಹೊತ್ತಿಗೆ ಅಲ್ಲಿ ಚಳಿ ಶುರುವಾಗಿರುತ್ತದೆ.